ಇಂದು ರಜೆ

ಹನಿಯೊಳಗೆ ಕಡಲನ್ನು ಅಡಗಿಸಿಟ್ಟು, ಕಡಲಿಗೆ ದಡದ ಮರ್ಯಾದೆಯನ್ನು ಕಲಿಸಿದ ಜಗದೊಡೆಯನೇ, ಒಬ್ಬ ಕಾವಲುಗಾರನ ಕತೆಯನ್ನು ಹೇಳಹೊರಟ ಈ ನಾಲಗೆಗೆ ತೇವವನ್ನು ಕರುಣಿಸು. ಇದ್ದದ್ದಕ್ಕಿಂತ ಹೆಚ್ಚಾಡದಂತೆ ಅದನ್ನು ಕಾಪಾಡು.

ಔಷಧಿ ಅಂಗಡಿಯವನು ಮಂಚದ ಕೆಳಗೆ ಅರ್ಧ ಮೈ ತೂರಿಸಿ ತಡಕಾಡುತ್ತಿದ್ದ. ಹೊರಗೆ ಕಾಣುತ್ತಿದ್ದುದು ಅವನ ಕಾಲುಗಳು ಮಾತ್ರ. ಪಕ್ಕದ ಕೋಣೆಯಲ್ಲಿ ಗಂಡನ ದೇಹವನ್ನು ಮಲಗಿಸಿದ್ದರೂ, ಬಾಗಿಲಲ್ಲಿ ನಿಂತ ಕಾವಲುಗಾರನ ಹೆಂಡತಿಗೆ ಆ ಕಾಲುಗಳನ್ನು ಕಂಡು ನಗು ಬಂದಂತಾಯಿತು.

"ಇಲ್ಲೂ ಇಲ್ಲ ಅಕ್ಕ. ಬರೀ ಹಳೇ ಚಪ್ಪಲಿ."

"ಏನು ಹುಡುಕ್ತಿದ್ದೀಯಪ್ಪ?" ಎಂದಳು, ಗೊತ್ತಿದ್ದೂ ಗೊತ್ತಿಲ್ಲದವಳಂತೆ.

ಅವನು ಮೊಣಕಾಲಿನ ಧೂಳು ಕೊಡವಿಕೊಂಡು ಎದ್ದ. "ಅದೇ, 'ಇಂದು ರಜೆ' ಬೋರ್ಡು. ಇವತ್ತು ಈಜುಕೊಳದ ಗೇಟಿಗೆ ಹಾಕೋಣ ಅಂತ ಸಮಿತಿಯವರೆಲ್ಲ ಮಾತಾಡ್ಕೊಂಡ್ವಿ. ಅಣ್ಣ ಹೋದ ದಿನವೇ ಮಕ್ಕಳು ದಬದಬ ನೀರಿಗೆ ಹಾರ್ತಿದ್ರೆ ಚೆನ್ನಾಗಿರತ್ತಾ?"

"ಅವನು ಹೇಳೋದು ಸರಿಯಮ್ಮ," ಎಂದರು ಕುರ್ಚಿಯಲ್ಲಿ ಕುಳಿತಿದ್ದ ಭಾವ, ಅವಳ ಗಂಡನ ಅಣ್ಣ. "ಗಾಡಿ ಹೋಗೋದೇ ಆ ದಾರೀಲಿ. ನನ್ನ ತಮ್ಮನ್ನ ತಗೊಂಡು ಹೋಗ್ತಿರುವಾಗ ಪಕ್ಕದಲ್ಲಿ ಕೇಕೆ ಹಾಕ್ತಿದ್ರೆ ನೋಡಿದವರು ಏನಂದಾರು?"

"ಒಂದೇ ದಿನ ಅಕ್ಕ," ಎಂದ ಔಷಧಿ ಅಂಗಡಿಯವನು, ಮೃದುವಾಗಿ.

ಒಂದೇ ದಿನ. ಈ ಮಾತನ್ನು ಅವಳು ಹಿಂದೆಯೂ ಒಮ್ಮೆ ಕೇಳಿದ್ದಳು.

* * *

ಅಂದು ಕೊಳದ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಂಡಿತ್ತು. ನೋಡಿಹೋಗಲು ಬಂದ ಅಧಿಕಾರಿ, "ಒಂದೇ ದಿನದ ಕೆಲಸ. ನೀರು ಖಾಲಿ ಮಾಡಿ ಗೇಟು ಹಾಕು," ಎಂದರು. ಕಾವಲುಗಾರನಾದ ಅವಳ ಗಂಡ ಹಲಗೆಯೊಂದಕ್ಕೆ ಬಿಳಿ ಬಳಿದು, ಕೆಂಪು ಬಣ್ಣದಲ್ಲಿ 'ಇಂದು ರಜೆ' ಎಂದು ಬರೆದು ಗೇಟಿಗೆ ತೂಗುಹಾಕಿದ. ರಿಪೇರಿಯವರು ಬರಲಿಲ್ಲ. ಅಧಿಕಾರಿಗೆ ವರ್ಗವಾಯಿತು. ಬಂದ ಹೊಸಬರಿಗೆ ಆ ಹಲಗೆ ಗೇಟಿನ ಜೊತೆಗೇ ಹುಟ್ಟಿದಂತೆ ಕಂಡಿತು. ಕೊಳದ ತಳದಲ್ಲಿ ಎಲೆ ಕೊಳೆತು ಹುಲ್ಲು ಹುಟ್ಟಿತು.

ಅವನೋ, ಹೇಳಿದ್ದನ್ನು ತಲೆಯ ಮೇಲೆ ಹೊತ್ತು ಮಾಡುವ ಮನುಷ್ಯ. ಬಿಸಿಲಿಗೆ ಅಕ್ಷರ ಮಾಸಿದಾಗಲೆಲ್ಲ ಕುಂಚ ಹಿಡಿದು ತಿದ್ದಿ ತೀಡುತ್ತಿದ್ದ. ನೋಡಿದವರು ನಕ್ಕು ಅವನಿಗೆ 'ಇಂದುರಜೆ' ಎಂದೇ ಹೆಸರಿಟ್ಟರು. ಅಂಗಡಿ ಬೀದಿಯಲ್ಲಿ ಅವಳು 'ಇಂದುರಜೆ ಹೆಂಡ್ತಿ'ಯಾದಳು.

ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದ ಮಗಳು ಒಮ್ಮೆ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದಳು:

"ಅಪ್ಪ, ಇಂದು ಅಂದ್ರೆ ಯಾವತ್ತು?"

"ಇವತ್ತು ಅಂತ ಮಗಾ."

"ಮತ್ತೆ ನಿನ್ನೆನೂ ಇದೇ ಇತ್ತಲ್ಲ?"

ಅವನು ಕುಂಚವನ್ನು ಡಬ್ಬಿಯಲ್ಲಿಟ್ಟ. ಸಂಜೆ, ಉತ್ತರ ತಿಳಿಯಲು, ಹಳಗನ್ನಡ ಬಲ್ಲ ಮೇಷ್ಟರ ಮನೆಗೆ ಹೋದ. ಮೇಷ್ಟರಿಗೆ ತಮಾಷೆ ಎಂದರೆ ಪ್ರಾಣ.

"ಇಂದು ಅಂದ್ರೆ ಚಂದ್ರ ಅಂತಲೂ ಅರ್ಥ ಇದೆ ಕಣಯ್ಯ. ಚಂದ್ರನಿಗೆ ರಜೆ ಅಂದ್ರೆ ಅಮಾವಾಸ್ಯೆ. ನೀನು ಗೇಟಿಗೆ ನೇತುಹಾಕಿರೋದು ಅಮಾವಾಸ್ಯೆನ."

ಅವನು ನಗಲಿಲ್ಲ. "ಹಾಗಾದ್ರೆ ಬಿದಿಗೆ ಯಾವತ್ತು ಸಾರ್?"

ಬಿದಿಗೆಯೆಂದರೆ ಎಳೆಯ ಚಂದ್ರ ಮತ್ತೆ ಮೂಡುವ ದಿನ. "ನೀನು ಕುಂಚ ಬಿಟ್ಟು ಪೊರಕೆ ಹಿಡಿದ ದಿನ," ಎಂದರು ಮೇಷ್ಟರು.

* * *

ಮರುದಿನದಿಂದ ಅವನು ಬತ್ತಿದ ಕೊಳಕ್ಕಿಳಿದು ಗುಡಿಸತೊಡಗಿದ. ಸದ್ದು ಕೇಳಿದ ದಾರಿಹೋಕರು ಗೇಟಿನ ಸಂದಿಯಿಂದ ಇಣುಕಿ, "ಏನು ಇಂದುರಜೆ, ತೆಗೀತಾರಾ?" ಎನ್ನುತ್ತಿದ್ದರು. ಅವನದು ಒಂದೇ ಉತ್ತರ: "ಇಂದು ರಜೆ. ನಾಳೆ ಬನ್ನಿ. ಬರುವಾಗ ಒಂದು ಪೊರಕೆ ತನ್ನಿ."

ಮೊದಲು ಪೊರಕೆ ತಂದವರು ಮೇಷ್ಟರೇ. ಆಡಿದ ಮಾತು ಕೊರಳಿಗೆ ಸುತ್ತಿಕೊಂಡಿತ್ತು. ಆಮೇಲೆ ಇಸ್ತ್ರಿ ಅಂಗಡಿಯ ದಂಪತಿ ಬಂದರು. ಸೂಲಗಿತ್ತಿ ಬಂದಳು, ತಾನು ಹೆರಿಗೆ ಮಾಡಿಸಿದ ಮಕ್ಕಳ ಅಪ್ಪಂದಿರನ್ನೆಲ್ಲ ಕಿವಿ ಹಿಂಡಿ ಎಳೆತಂದಳು. ಔಷಧಿ ಅಂಗಡಿಯವನು ಬೈಯುತ್ತ ಬಂದು, ಬೈಯುತ್ತಲೇ ಸಮಿತಿ ಕಟ್ಟಿದ. ಗಾರೆಯವರು ಬಿರುಕಿಗೆ ಸಿಮೆಂಟು ಮೆತ್ತಿದರು. ಪೊರಕೆ ಹೊತ್ತ ಇಷ್ಟು ಜನ ಒಟ್ಟಾಗಿ ಹೋಗಿ ನಿಂತಾಗ ಕಚೇರಿಯವರಿಗೆ, ಪಾಪ, ನೀರಿನ ಕೊಳಾಯಿ ತಿರುಗಿಸದೆ ಗತ್ಯಂತರವಿರಲಿಲ್ಲ.

ಕೊಳ ತುಂಬಿದ ದಿನ ಅವನು ಆ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ.

"ಇದನ್ನ ನನ್ನ ಕೈಗೆ ಸಿಗದ ಹಾಗೆ ಇಡೆ. ನಾಳೆ ಯಾರಾದ್ರೂ ದೊಡ್ಡೋರು ಬಂದು 'ಒಂದೇ ದಿನ' ಅಂದ್ರೆ, ನಾನು ಮತ್ತೆ ಹಾಕಿಬಿಡ್ತೀನಿ. ನನಗೆ ಇಲ್ಲ ಅನ್ನೋಕೆ ಬರಲ್ಲ."

"ನನಗೆ ಮಾತ್ರ ಬರತ್ತಾ?" ಎಂದು ನಕ್ಕಿದ್ದಳು ಅವಳು.

* * *

ಈಗ ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಭಾವನ ಮಾತಿಗೆ ಅವಳು ಎಂದೂ ಎದುರಾಡಿದವಳಲ್ಲ. ಔಷಧಿ ಅಂಗಡಿಯವನ ಕಣ್ಣು ಅತ್ತು ಊದಿಕೊಂಡಿತ್ತು. ಅವನ ಗೌರವದಲ್ಲಿ ಕಪಟವಿರಲಿಲ್ಲ. ಕಪಟವಿದ್ದಿದ್ದರೆ ಇಲ್ಲವೆನ್ನುವುದು ಸುಲಭವಾಗುತ್ತಿತ್ತು.

ಅವಳು ಬಚ್ಚಲಿಗೆ ಹೋದಳು. ನೀರಿನ ಡ್ರಮ್ಮಿನ ಮುಚ್ಚಳವನ್ನು ಎತ್ತಿ ತಿರುಗಿಸಿದಳು. ಒಳಮೈಯಲ್ಲಿ ಕೆಂಪು ಅಕ್ಷರಗಳು ಇನ್ನೂ ಹೊಳೆಯುತ್ತಿದ್ದವು. ಪುಣ್ಯಾತ್ಮ ಅಷ್ಟು ಸಲ ಬಳಿದಿದ್ದ.

"ಅಯ್ಯೋ, ಇಷ್ಟು ದಿನ ಇದರ ಮೇಲೇನಾ ನಾನು ಸೋಪು ಇಡ್ತಿದ್ದಿದ್ದು?" ಎಂದಳು ಮಗಳು.

"ಕೊಡಿ ಅಕ್ಕ," ಎಂದು ಔಷಧಿ ಅಂಗಡಿಯವನು ಕೈ ಚಾಚಿದ.

ಅವಳು ಕೊಡಲಿಲ್ಲ. ಅವರೆಲ್ಲರನ್ನೂ ದಾಟಿ ಬೀದಿ ಬಾಗಿಲಿಗೆ ಬಂದಳು. ಗಂಡ ಕೊಳದ ಬೀಗದಕೈ ತೂಗುಹಾಕುತ್ತಿದ್ದ ಮೊಳೆ ಅಲ್ಲಿತ್ತು. ಬೀಗದಕೈ ತೆಗೆದು, ಅದೇ ಮೊಳೆಗೆ ಹಲಗೆಯನ್ನು ಹಾಕಿದಳು.

"ರಜೆ ಇರೋದು ಅವರಿಗೆ ಭಾವ. ನೀರಿಗಲ್ಲ."

ಭಾವ ಹಲಗೆಯನ್ನು ಓದಿದರು, ಇನ್ನೊಮ್ಮೆ ಓದಿದರು. ಹೊರಗೆ ಬೆಂಚಿನ ಮೇಲಿದ್ದ ಮುದಿ ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಅರ್ಥ ಸರಿಯಾಗಿದೆ ತಾಯಿ," ಎಂದರು.

ಅವಳು ಬೀಗದಕೈಯನ್ನು ಔಷಧಿ ಅಂಗಡಿಯವನ ಅಂಗೈಯಲ್ಲಿಟ್ಟಳು. "ಬೇಗ ಹೋಗಿ ಗೇಟು ತೆಗಿ. ತಡ ಆದ್ರೆ ಆ ವಾನರಸೇನೆ ಗೋಡೆ ಹಾರಿ ಕೈಕಾಲು ಮುರ್ಕೊಳ್ಳತ್ತೆ. ಔಷಧಿ ನೀನೇ ಕೊಡಬೇಕಾಗತ್ತೆ."

ಅವನು ಅಳುತ್ತಲೇ ನಕ್ಕುಬಿಟ್ಟ.

ಶವದ ಗಾಡಿ ಕೊಳದ ಬಳಿ ಬಂದಾಗ ಒಳಗೆ ಕೇಕೆ ಮುಗಿಲು ಮುಟ್ಟಿತ್ತು. ಯಾರೋ ನೀರಿಗೆ ಜಿಗಿಯುವ ಎತ್ತರದ ಹಲಗೆಯಿಂದ ಮೈ ಚೆಲ್ಲಿ ಹಾರಿರಬೇಕು. ಗಿಡ್ಡ ಗೋಡೆಯನ್ನು ದಾಟಿ ಬಂದ ನೀರು ಗಾಡಿಯ ಗಾಜಿನ ಮೇಲೆ ಚೆಲ್ಲಿತು. ಸುಡುಬಿಸಿಲಿನಲ್ಲಿ ಚಾಲಕ ವೈಪರ್ ಹಾಕಬೇಕಾಯಿತು. ಕಿಟಕಿಯ ಬಳಿ ಕೂತಿದ್ದ ಭಾವ ಕೆನ್ನೆ ಮುಟ್ಟಿಕೊಂಡು, "ನನ್ನ ಮೇಲೂ ಬಿತ್ತಲ್ಲಮ್ಮ," ಎಂದರು. ಒರೆಸಿಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ಅವಳೇ ಹಲಗೆಯನ್ನು ಇಳಿಸಿದಳು. ಅಕ್ಷರ ಕೆಳಮುಖವಾಗಿರುವಂತೆ ಡ್ರಮ್ಮಿಗೆ ಮುಚ್ಚಿದಳು. ಕೊಳದಲ್ಲಿ ಎರಡು ಸುತ್ತು ಈಜಿ ಬಂದ ಮಗಳು ಖಾಲಿ ಮೊಳೆಗೆ ಒದ್ದೆ ಟವಲನ್ನು ನೇತುಹಾಕಿದಳು. ಅದರಿಂದ ತೊಟ್ಟಿಕ್ಕಿದ ನೀರು ಹೊಸ್ತಿಲನ್ನು ದಾಟಿ, ಮೆಲ್ಲನೆ ಬೀದಿಯ ಕಡೆಗೆ ಹರಿಯತೊಡಗಿತು.

ಇದನ್ನು ಕೇಳಿದವರ ಕೊಳಗಳು ಬತ್ತದಿರಲಿ. ಅವರ ಅಮಾವಾಸ್ಯೆಗಳು ಒಂದೇ ದಿನದವಾಗಲಿ. ಅವರ ಮಕ್ಕಳು ಮುಳುಗಿದರೂ ನಗುತ್ತ ಮೇಲೇಳಲಿ.