ಎನಿಡ್ ಕಲಿತ ಸುಳ್ಳು

ಎನಿಡ್ ಅಮ್ಮನ ಮನೆಗೆ ಊಟಕ್ಕೆ ಬಂದಿದ್ದಳು, ಅದು ಅಪರಾಧ.

ಸಿಡ್ನಿಯ ರಂಗಮಂದಿರದ ಬಾಗಿಲ ಮೇಲೆ ದೀಪಗಳಲ್ಲಿ ಹೆಸರು ಬರೆಸಿಕೊಂಡ ಮೊದಲ ಮೂಲನಿವಾಸಿ ಕಪ್ಪು ಹೆಂಗಸು ಅವಳು. ಹಾಡುತ್ತಿದ್ದಳು, ಅದಕ್ಕಿಂತ ಹೆಚ್ಚಾಗಿ ಅಣಕಿಸುತ್ತಿದ್ದಳು: ಪಾದ್ರಿ, ಮಂತ್ರಿ, ಮಂತ್ರಿಯ ಹೆಂಡತಿ, ಆ ಹೆಂಡತಿ ಸಾಕಿದ ಗಿಳಿ. ಬಿಳಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗಲೇ, ನಮ್ಮ ಜನ ಹೊಳೆದಂಡೆಯ ಬೇಲಿಯೊಳಗೆ ಯಾಕಿರಬೇಕು ಎಂದು ಕೇಳುತ್ತಿದ್ದಳು. ನಗು ಅಲ್ಲಿಗೆ ಬಂದ್. ಬರುವ ಬುಧವಾರ ದೊಡ್ಡ ಸಭೆ. ಅದೇ ಪ್ರಶ್ನೆಯನ್ನು ಮಂತ್ರಿಯ ಎದುರಿಗೇ ಕೇಳುವವಳಿದ್ದಳು.

ಹೀಗೆ ತಿರುಗಾಡಿ ಹಾಡಲು ಅವಳ ಚೀಲದಲ್ಲೊಂದು ವಿನಾಯಿತಿ ಪತ್ರವಿತ್ತು, ಫೋಟೋ ಅಂಟಿಸಿದ್ದು. ಅದಿದ್ದರೆ ಕಪ್ಪು ಜನರನ್ನು ಬೇಲಿಯೊಳಗಿಡುವ ಸರಕಾರಿ ಮಂಡಳಿಯ ಹಿಡಿತವಿಲ್ಲ; ಆದರೆ ಬೇಲಿಯೊಳಗಿನ ತನ್ನವರ ಜೊತೆ ಬೆರೆಯುವಂತೆಯೂ ಇಲ್ಲ. ಜನ ಅದನ್ನು ನಾಯಿ ಲೈಸೆನ್ಸ್ ಎನ್ನುತ್ತಿದ್ದರು. ಪೊಲೀಸ್ ಸಾರ್ಜೆಂಟ್ ಪ್ರಿಚೆಟ್ ಅವಳನ್ನು ಇಲ್ಲಿ, ಬೇಲಿಯೊಳಗೆ, ಕಂಡರೆ ಕಾಗದ ಹೋಯಿತು, ಬುಧವಾರವೂ ಹೋಯಿತು.

ಅಮ್ಮ ಆಗ್ನೆಸ್ ಬೂದಿಯಲ್ಲಿ ಸುಟ್ಟ ರೊಟ್ಟಿ ಮುರಿಯುತ್ತಲೇ ಪಾಠ ಒಪ್ಪಿಸಿಕೊಂಡಳು. ಯಾರಾದರೂ ಕೇಳಿದರೆ, ಚರ್ಚಿನ ಹಳೆಬಟ್ಟೆ ಹಂಚಲು ಬಂದವಳು. ಈ ಮುದುಕಿ ಯಾರೋ ಏನೋ. ಅದಕ್ಕೆಂದೇ ಒಂದು ಬಟ್ಟೆಗಂಟೂ ತಯಾರಿತ್ತು. ಎನಿಡ್ ತಪ್ಪದೆ ಒಪ್ಪಿಸಿದಳು. ಅಮ್ಮ ಮೆಚ್ಚಿ ಇನ್ನೊಂದು ತುಂಡು ಹೊಳೆಮೀನು ಬಡಿಸಿದಳು.

ಹೊಸ್ತಿಲ ಮೇಲೆ ಕೂತಿದ್ದ ಸೋದರಮಾವ ಕ್ಲಾರಿಗೆ ಇದೆಲ್ಲ ಪುಕ್ಕಟೆ ನಾಟಕ.

"ಮೇಡಂ ಅವ್ರಿಗೆ ಮುಳ್ಳು ತೆಗೆದು ಕೊಡಕ್ಕಾ. ಕಾಗದದ ಪ್ರಕಾರ ಅವ್ರೀಗ ಬಿಳಿಯೋರು, ಗಂಟ್ಲು ಸೂಕ್ಷ್ಮ."

ಅಮ್ಮ ಬೈದ ಮೇಲೆ, ಸೌದೆ ತರುತ್ತೇನೆಂದು ಬಾಗಿಲೆಳೆದುಕೊಂಡು ಎದ್ದುಹೋದ.

ಎನಿಡ್‌ಗೆ ಊಟದ ಮೇಲೆ ಗಮನವಿರಲಿಲ್ಲ. ಕಿವಿಯೆಲ್ಲ ದಾರಿಯ ಕಡೆ. ಜೀಪೇ? ಅಲ್ಲ, ಗಾಳಿ. ಯಾರೋ ತಟ್ಟಿದರೇ? ಬಿಸಿಲಿಗೆ ಹಿಗ್ಗಿದ ಸೂರಿನ ತಗಡು.

ಆಗ ಹೊರಗೆ ಯಾರೋ ಮೂಗಿನಲ್ಲೇ ಕೆಮ್ಮಿದರು. ಗೋಡೆಗೆ ಲಾಠಿ ಬಡಿದ ಸದ್ದು.

"ಒಳಗ್ಯಾರು? ನಾನು ಪ್ರಿಚೆಟ್."

ಅಮ್ಮ ಚಹಾ ಕೆಳಗಿಟ್ಟಳು. ಅವಳು ಬಟ್ಟೆಗಂಟನ್ನು ಮಗಳ ಮಡಿಲಿಗೆ ತುರುಕಿದಳು.

"ಚರ್ಚಿಂದ ಬಂದಿದೀನಿ ಸಾರ್. ಬಟ್ಟೆ ಕೊಡೋಕೆ." ಎನಿಡ್ ಕಲಿತದ್ದನ್ನೇ ಒಪ್ಪಿಸಿದಳು.

"ಓಹೋ. ಆ ಮುದುಕಿ ನಿಂಗೇನಾಗ್ಬೇಕು?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅಮ್ಮ ಸದ್ದಿಲ್ಲದೆ ತುಟಿಯಾಡಿಸಿ ಹೇಳಿಕೊಡುತ್ತಿದ್ದಳು: ಯಾರೂ ಅಲ್ಲ, ಯಾರೂ ಅಲ್ಲ. ಕೂಸಿಗೆ ಮೊದಲ ಮಾತು ಕಲಿಸುವ ಹಾಗೆ. ಎನಿಡ್ ಆ ತುಟಿಗಳನ್ನೇ ನೋಡಿದಳು. ಮಂತ್ರಿ, ಸಭೆ, ಬುಧವಾರ, ಎಲ್ಲ ಕೈಜಾರಿ ಹೋಗುತ್ತಿರುವುದು ಅವಳಿಗೆ ಗೊತ್ತಿತ್ತು.

"ನಮ್ಮಮ್ಮ," ಎಂದಳು. ಮತ್ತೆ, ಕೊನೆಯ ಸಾಲಿನವರಿಗೂ ಕೇಳುವಂತೆ: "ನಮ್ಮಮ್ಮ ಕಣಯ್ಯಾ. ಇವಳ ಕೈಯಡುಗೆ ಉಣ್ಣೋಕೆ ಬಂದಿದೀನಿ. ಕಾಗದ ಬೇಕಾದ್ರೆ ಒಳಗೆ ಬಂದು ತಗೋ."

ಬಾಗಿಲು ಮೆಲ್ಲಗೆ ತೆರೆಯಿತು. ಕ್ಲಾರಿ ಮಾವ ನಿಂತಿದ್ದ. ಕೈಯಲ್ಲಿ ಸೌದೆತುಂಡು, ಮುಖದಲ್ಲಿ ಕಳೆಯೇ ಇಲ್ಲ.

"ತಮಾಷೆಗೆ ಮಾಡ್ದೆ ಮಗಾ," ಅಂದ. "ಯಾರೂ ಅಲ್ಲ ಅಂತೀಯ, ವರ್ಷಪೂರ್ತಿ ಆಡ್ಕೊಂಡು ನಗಬಹುದು ಅಂದ್ಕೊಂಡಿದ್ದೆ."

ಅಮ್ಮ ಬೀಸಿದ ರೊಟ್ಟಿ ಅವನ ಎದೆಗೆ ಬಡಿಯಿತು, ರೊಟ್ಟಿಗೇನೂ ಆಗಲಿಲ್ಲ. ಕ್ಲಾರಿ ಅಂಜುತ್ತಲೇ ನಕ್ಕ. ಅಮ್ಮ ಮುಖಕ್ಕೆ ಬಟ್ಟೆ ಒತ್ತಿಕೊಂಡು ನಕ್ಕಳು. ಎನಿಡ್‌ಳ ನಗು ತಡವಾಗಿ ಬಂತು, ಬಂದದ್ದು ನಿಲ್ಲಲಿಲ್ಲ. ಮೇಜು ಹಿಡಿದುಕೊಂಡು, ಕಣ್ಣುಮೂಗಲ್ಲೆಲ್ಲ ನೀರು ಸುರಿಸಿಕೊಂಡು ನಕ್ಕಳು. ಪಕ್ಕದ ಗುಡಿಸಲಿನವರು ಇಣುಕಿ ನೋಡಿದರು. ದಾರಿಗೆ ಕೇಳುತ್ತೆ, ಮೆಲ್ಲಗೆ ನಗೇ ಎಂದು ಅಮ್ಮ ಬೇಡಿಕೊಂಡಳು. ಅವಳು ಮೆಲ್ಲಗೆ ನಗಲಿಲ್ಲ.