ತಾಯಿ ಸೀಸೆ

ಎಡಗಣ್ಣು ಮುಚ್ಚಿದರೆ ಎರಡೂ ಒಂದೇ ಬಣ್ಣ. ಬಲಗಣ್ಣು ಮುಚ್ಚಿದರೆ ಬೇರೆ ಬೇರೆ.

ಕಣ್ಣಮ್ಮ ಮತ್ತೊಮ್ಮೆ ಮುಚ್ಚಿ ನೋಡಿದಳು, ತೆರೆದು ನೋಡಿದಳು. ಕಿಟಕಿಯ ಪಕ್ಕದ ಮೇಜು, ಮೇಜಿನ ಮೇಲೆ ಬಿಳಿ ರಟ್ಟು, ರಟ್ಟಿನ ಮೇಲೆ ಅವಳ ಎಡಗೈ. ಹೆಬ್ಬೆರಳಿಗೆ ಈ ವರ್ಷದ ದಾಳಿಂಬೆ ಬಣ್ಣ, ತೋರುಬೆರಳಿಗೆ ಏಳು ವರ್ಷದ ಹಿಂದಿನ ದಾಳಿಂಬೆ. ಎರಡೆರಡು ಕೋಟು ಹಚ್ಚಿದ್ದಾಗಿದೆ, ಎರಡೂ ಒಣಗಿವೆ. ಗೋಡೆ ಗಡಿಯಾರದಲ್ಲಿ ಹತ್ತೂ ಹತ್ತು. ಹನ್ನೊಂದಕ್ಕೆ ಮ್ಯಾನೇಜರ್ ಕೋಣೆಯಲ್ಲಿ ಅವಳ ಸೊಸೆಯ ವಿಚಾರಣೆ.

ಈ ಉಗುರು ಬಣ್ಣದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಳೆದ ಮೇಲೆ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಕೆಳಗಿನ ಹಂಡೆಗಳಲ್ಲಿ ಕಲಸಿದ ಬಣ್ಣ ಸೀಸೆ ಸೇರಬೇಕಾದರೆ ಮೊದಲು ಮೆಟ್ಟಿಲು ಹತ್ತಿ ಈ ಕೋಣೆಗೆ ಬಂದು ಅವಳ ಉಗುರಿನ ಮೇಲೆ ಕೂರಬೇಕು. ಅವಳು ಕೈಯನ್ನು ಕಿಟಕಿಗೆ ಹಿಡಿದು 'ಹೂಂ' ಅಂದರೆ ಸೈ, 'ಉಹೂಂ' ಅಂದರೆ ಮರಳಿ ಹಂಡೆಗೆ. ಯಂತ್ರ ತರಿಸುತ್ತೇವೆ ಎಂದು ಮೂರು ಜನ ಮ್ಯಾನೇಜರುಗಳು ಹೇಳಿ ಹೋದರು. ಯಂತ್ರ ಬರಲಿಲ್ಲ, ಕಣ್ಣಮ್ಮ ಇದ್ದಳು. "ಹಸಿ ಬಣ್ಣದ ಮಾತು ನಂಬಬೇಡಿ, ಒಣಗಿದ ಮೇಲೇ ಅದರ ಬುದ್ಧಿ ಗೊತ್ತಾಗೋದು" ಎಂದು ಅವಳು ಹೇಳುವುದನ್ನು ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ಬಾಯಿಪಾಠ ಮಾಡುತ್ತಿದ್ದರು.

ಒಂದೊಂದು ಬಣ್ಣಕ್ಕೂ ಒಂದೊಂದು ತಾಯಿ ಸೀಸೆ. ಹೊಸದಾಗಿ ಕಲಸಿದ್ದೆಲ್ಲ ಅದನ್ನು ಹೋಲಬೇಕು. ಆದರೆ ತಾಯಿಗೂ ವಯಸ್ಸಾಗುತ್ತದಲ್ಲ. ತೆರೆದು ಮುಚ್ಚಿ ತೆರೆದು ಮುಚ್ಚಿ ವರ್ಷ ತಿರುಗುವಷ್ಟರಲ್ಲಿ ಒಳಗಿನ ಬಣ್ಣ ಗಟ್ಟಿಯಾಗುತ್ತದೆ. ಆಗ ಕಣ್ಣಮ್ಮನೇ ಹಳೆಯದನ್ನು ಮುಂದಿಟ್ಟುಕೊಂಡು ಹೊಸ ತಾಯಿಯನ್ನು ಮಾಡಿ, ಹಳೆಯದನ್ನು ಚೆಲ್ಲಬೇಕು. ಚೆಲ್ಲಬೇಕು ಎನ್ನುವುದು ನಿಯಮ. ಒಂದೇ ಒಂದು ಸಲ ಅವಳು ನಿಯಮ ಮುರಿದಿದ್ದಳು. ದಾಳಿಂಬೆ ಅವಳೇ ಹುಟ್ಟಿಸಿದ ಬಣ್ಣ. ಅದರ ಮೊದಲ ಸೀಸೆಯ ಬಾಯಿಗೆ ಮೇಣ ಮೆತ್ತಿ, ಕಪ್ಪು ಕಾಗದ ಸುತ್ತಿ, ಕಥೆಯ ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆಯ ಗಿಳಿಯೊಳಗೆ ಬಚ್ಚಿಟ್ಟ ಹಾಗೆ ಮೇಜಿನ ಡ್ರಾಯರಿನ ಮೂಲೆಯಲ್ಲಿ ಇಟ್ಟಿದ್ದಳು. ಇವತ್ತು ಬೆಳಿಗ್ಗೆ ಆ ಮೇಣ ಒಡೆದಳು.

ಒಡೆಯದೆ ವಿಧಿ ಇರಲಿಲ್ಲ. ಎಡಗಣ್ಣಿನ ಪೊರೆ ತೆಗೆಸಿಕೊಂಡು ಇಪ್ಪತ್ಮೂರು ದಿನ ಮನೆಯಲ್ಲಿದ್ದಾಗ ಇಲ್ಲಿ ನಲವತ್ತು ಪೆಟ್ಟಿಗೆ ದಾಳಿಂಬೆ ವಾಪಸ್ಸು ಬಂದಿತ್ತು. ಯಾರೋ ಹೆಂಗಸು ಹಳೇ ಸೀಸೆಯದನ್ನು ಒಂದು ಕೈಗೆ, ಹೊಸ ಸೀಸೆಯದನ್ನು ಇನ್ನೊಂದು ಕೈಗೆ ಹಚ್ಚಿಕೊಂಡು ಅಂಗಡಿಯವನ ಮುಖಕ್ಕೆ ಹಿಡಿದಿದ್ದಳಂತೆ. ಮ್ಯಾನೇಜರ್ ಹಂಡೆಯ ಚೀಟಿ ತರಿಸಿ ನೋಡಿದರು. ಬರೆದಿಟ್ಟ ಅಳತೆಗಿಂತ ನೀಲಿ ಜಾಸ್ತಿ. ಚೀಟಿಯ ಕೆಳಗೆ ಕಲಸಿದವಳ ಸಹಿ: ಕಣ್ಣಮ್ಮನ ಸೊಸೆಯದು. ಕಣ್ಣಮ್ಮ ಪಾಸು ಮಾಡಿದ ಮೇಲೆ ಈಕೆ ಹಂಡೆಗೆ ನೀಲಿ ಸುರಿದಿದ್ದಾಳೆ ಎಂದು ಮ್ಯಾನೇಜರ್ ತೀರ್ಮಾನಿಸಿದರು. ಸೊಸೆ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ಬೆಳಿಗ್ಗೆ ಮನೆಯಲ್ಲಿ ಅತ್ತೆ ಕೇಳಿದ್ದಳು. "ಎಷ್ಟು ಸುರಿದೆ, ಬಾಯಿ ಬಿಟ್ಟು ಹೇಳೇ."

"ನೀವು ಹೇಳಿದಷ್ಟೇ ಅತ್ತೆ."

"ಓಹೋ, ಈಗ ನನ್ನ ತಲೆಗೆ ಕಟ್ಟೋಕೆ ಹೊರಟಿದ್ದೀಯಾ? ಮೈಮೇಲೆ ಎಚ್ಚರ ಇಟ್ಕೊಂಡು ಕೆಲಸ ಮಾಡು ಅಂತ ಬಡ್ಕೊಂಡೆ. ಇಪ್ಪತ್ತಾರು ವರ್ಷದ ಹೆಸರು ಕಣೇ ನಂದು. ನೀನು ಕೆಲಸಕ್ಕೆ ಸೇರಿದ ಮೂರೇ ವರ್ಷದಲ್ಲಿ ಮಣ್ಣುಪಾಲು ಮಾಡಿದೆ."

ಸೊಸೆ ಡಬ್ಬಿಯ ಮುಚ್ಚಳ ಒತ್ತಿದಳು. ಎರಡು ಡಬ್ಬಿ; ಒಂದನ್ನು ಅತ್ತೆಯ ಚೀಲದಲ್ಲಿಟ್ಟು, ಕಣ್ಣಿಗೆ ಹಾಕುವ ಔಷಧಿಯನ್ನೂ ಅದರ ಪಕ್ಕಕ್ಕೆ ಸಿಕ್ಕಿಸಿ, ಮುಂಚಿನ ಬಸ್ಸಿಗೆ ಹೊರಟುಹೋದಳು.

ಈಗ ಕಣ್ಣಮ್ಮನ ಕಿವಿಯಲ್ಲಿ ಬೇರೆಯದೇ ಮಾತು ಗುಂಯ್‌ಗುಡುತ್ತಿತ್ತು, ಅವಳದೇ ದನಿಯಲ್ಲಿ. 'ಹಳದಿ ಹೊಡೀತಿದೆ ಕಣೇ, ಇನ್ನೆರಡು ಹನಿ ನೀಲಿ ಹಾಕು.' 'ಇನ್ನೂನಾ ಅತ್ತೆ?' 'ನಂಗೆ ಕಣ್ಣಿಲ್ವಾ?' ಇದೇ ಕಿಟಕಿ, ಇದೇ ಕುರ್ಚಿ. ವರ್ಷವರ್ಷವೂ ಹಳೇ ತಾಯಿಯನ್ನು ಬೆಳಕಿಗೆ ಹಿಡಿದಾಗ ಅದು ಹಳದಿಗೆ ತಿರುಗಿದಂತೆ ಕಾಣುತ್ತಿತ್ತು. ಹಳೇ ಬಟ್ಟೆ ಮಾಸುವುದಿಲ್ಲವೇ ಹಾಗೆ, ಬಣ್ಣಕ್ಕೂ ವಯಸ್ಸಾಗಿದೆ ಎಂದುಕೊಂಡು, ಮನಸ್ಸಿನಲ್ಲಿದ್ದ ದಾಳಿಂಬೆಗೆ ಹೊಂದುವವರೆಗೂ ಅವಳು ಹೊಸ ತಾಯಿಗೆ ನೀಲಿ ಬೆರೆಸಿದ್ದಳು. ಸೀಸೆಗೆ ವಯಸ್ಸಾಗಿರಲಿಲ್ಲ; ಪೊರೆ ಬಂದ ಕಣ್ಣೇ ಎಲ್ಲವನ್ನೂ ಹಳದಿಯಾಗಿ ತೋರಿಸಿತ್ತು.

ಅಥವಾ ಈ ಹೊಸ ಕಣ್ಣೇ ಸುಳ್ಳು ಹೇಳುತ್ತಿರಬಹುದು. ಕಟ್ಟು ಬಿಚ್ಚಿದ ದಿನ ಮನೆಯ ಗೋಡೆಯೆಲ್ಲ ನೀಲಿ ನೀಲಿಯಾಗಿ ಕಂಡಿತ್ತು. "ಅಮ್ಮ, ಸುಣ್ಣ ಹೊಡೆಸೋ ಖರ್ಚು ಉಳೀತು" ಎಂದು ಮಗ ನಕ್ಕಿದ್ದ. ಅಭ್ಯಾಸವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಒಬ್ಬ ರಾಜನಿಗೆ ಇಬ್ಬರು ರಾಣಿಯರಿದ್ದ ಕಥೆಯಾಯಿತು ಅವಳ ಎರಡು ಕಣ್ಣಿನದು. ಒಬ್ಬಳು ಹಗಲು ಅಂದರೆ ಇನ್ನೊಬ್ಬಳು ಇರುಳು ಅನ್ನುವವಳು. ಯಾರನ್ನು ನಂಬಬೇಕು?

ಹೊಳಪಿನ ಆಟವಿರಬಹುದು ಎಂಬ ಆಸೆಯೊಂದು ಚಿಗುರಿತು. ಮೈ ಮಿರುಗಿದರೆ ಬಣ್ಣ ಒಂದು ಬಗೆ, ಮಂಕಾದರೆ ಇನ್ನೊಂದು ಬಗೆ. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರಿಮೂವರ್‌ನಲ್ಲಿ ಹತ್ತಿ ಅದ್ದಿ ಹೆಬ್ಬೆರಳು ಒರೆಸಿ, ಎಡಗೈಯ ಐದೂ ಉಗುರಿಗೆ ಹಳೇ ದಾಳಿಂಬೆ ಹಚ್ಚಿದಳು. ಬಲಗೈಗೆ ಹೊಸದನ್ನು ಹಚ್ಚಲು ಹೋದರೆ ಎಡಗೈಗೆ ಪಳಗದ ಬ್ರಷ್ಷು ಜಾರಿ ಬಣ್ಣ ಚರ್ಮಕ್ಕೆಲ್ಲ ಮೆತ್ತಿತು. ಹೊರಗೆ ಚಪ್ಪಲಿಯ ಸದ್ದು.

"ಯಾರದು? ಬಾ ಇಲ್ಲಿ."

ಬಾಗಿಲಲ್ಲಿ ಇಣುಕಿದ್ದು ಪ್ಯಾಕಿಂಗ್ ವಿಭಾಗದ ಪಟಾಕಿ. ಬಾಯಿ ತೆರೆದರೆ ಮುಚ್ಚಲು ಅವಳಿಗೇ ಗೊತ್ತಾಗುವುದಿಲ್ಲ ಎಂದು ಎಲ್ಲರೂ ಇಟ್ಟ ಹೆಸರು.

"ಬಂದ್ಬಿಟ್ರಾ ಕಣ್ಣಮ್ಮಕ್ಕ! ಹೊಸ ಕಣ್ಣು ಹೇಗಿದೆ? ನಾನು ಅದರಲ್ಲಿ ಸ್ವಲ್ಪ ತೆಳ್ಳಗೆ ಕಾಣ್ತೀನಾ?"

"ಬಲಗೈಗೆ ಇದನ್ನ ಹಚ್ಚು. ಬೇಗ."

"ಅಯ್ಯೋ, ಈ ವಯಸ್ಸಲ್ಲಿ ಯಾರನ್ನ ಬುಟ್ಟಿಗೆ ಹಾಕ್ಕೊಳೋಕೆ ಈ ಸಿಂಗಾರ?" ಎನ್ನುತ್ತಲೇ ಪಟಾಕಿ ಕುಕ್ಕರಿಸಿ ಕೂತು ಕೈ ಹಿಡಿದುಕೊಂಡಳು. ನುರಿತ ಕೈ, ಉಗುರಿಗೆ ಮೂರೇ ಎಳೆತ. ಎರಡನೆಯ ಕೋಟು ಒಣಗುವುದನ್ನು ಕಾಯ್ದು, ಕಣ್ಣಮ್ಮ ಹೇಳಿದಂತೆ ಎರಡೂ ಕೈಯ ತೋರುಬೆರಳಿಗೆ ಕನ್ನಡಿಯಂಥ ಹೊಳಪು, ನಡುಬೆರಳಿಗೆ ಮಂಕು ಮಾಡುವ ಮ್ಯಾಟ್, ಉಂಗುರ ಬೆರಳಿಗೆ ಮುತ್ತಿನ ಮೆರುಗು, ಕಿರುಬೆರಳಿಗೆ ಮಿನುಗುಪುಡಿ ಹಚ್ಚಿದಳು. ಹೆಬ್ಬೆರಳುಗಳು ಬರಿಯ ಬಣ್ಣದಲ್ಲೇ ಉಳಿದವು. ಗಡಿಯಾರ ಹತ್ತೂ ಮುಕ್ಕಾಲು ತೋರಿಸಿತು.

ಕಣ್ಣಮ್ಮ ಎರಡೂ ಕೈಯನ್ನು ರಟ್ಟಿನ ಮೇಲೆ ಜೋಡಿಸಿ ಬಲಗಣ್ಣು ಮುಚ್ಚಿದಳು. ಹೊಳಪಿಗೆ ಹೊಳಪು, ಮಂಕಿಗೆ ಮಂಕು. ಒಂದು ಜೋಡಿಯೂ ಹೊಂದಲಿಲ್ಲ. ಮಿನುಗಿನ ಅಡಿಯಿಂದಲೂ ವ್ಯತ್ಯಾಸ ಇಣುಕುತ್ತಿತ್ತು. ಇರುವ ಅಂತರವನ್ನು ಕಣ್ಣು ಕಾಣದೆ ಹೋಗಬಹುದು. ಇಲ್ಲದ ಅಂತರವನ್ನು ಐದೂ ಬೆರಳಲ್ಲಿ ಹುಟ್ಟಿಸಲಾರದು.

"ನಿಂಗೆ ಹೇಗೆ ಕಾಣುತ್ತೆ?" ಎಂದು ಕೇಳಿದಳು.

"ಈ ಕೈ ದಾಳಿಂಬೆ. ಆ ಕೈ ನೇರಳೆ."

"ಯಾವಾಗಿಂದ ಗೊತ್ತು ನಿಂಗೆ?"

ಪಟಾಕಿ ಮೊದಲ ಸಲ ಮಾತಿಗೆ ತಡವರಿಸಿದಳು. "ಪ್ಯಾಕಿಂಗಲ್ಲಿ ಎಲ್ರಿಗೂ ಗೊತ್ತು ಅಕ್ಕಾ. ಹೋದ ವರ್ಷಾನೇ ಮಾತಾಡ್ಕೊಂಡ್ವಿ. ಕಣ್ಣಮ್ಮಕ್ಕನೇ ಹೂಂ ಅಂದ ಮೇಲೆ ನಮ್ದೇನು ಅಂತ..." ಸೀಸೆಯ ಮುಚ್ಚಳ ತಿರುಗಿಸುತ್ತ ಅವಳು ತಗ್ಗಿದ ದನಿಯಲ್ಲಿ ಸೇರಿಸಿದಳು, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ನಿಮ್ಮ ಸೊಸೆ ಗತಿ. ಪಾಪ, ಕೆಳಗೆ ತನ್ನ ಏಪ್ರನ್ ಒಗೆದು ಮಡಚಿಟ್ಟಿದ್ದಾಳೆ."

ಮೆಟ್ಟಿಲಿಳಿಯುವಾಗ ಕಣ್ಣಮ್ಮ ಬಣ್ಣದ ಕೈಗಳನ್ನು ಸೆರಗಿನೊಳಗೆ ಹುದುಗಿಸಿಕೊಂಡಳು. ಕಾಲು ಒಂದೊಂದು ಮೆಟ್ಟಿಲಿಗೂ ಒಂದೊಂದು ಲೆಕ್ಕ ಹಾಕುತ್ತಿತ್ತು. ಸುಮ್ಮನಿದ್ದುಬಿಟ್ಟರೆ? ಮುಂದಿನ ತಿಂಗಳು ಇನ್ನೊಂದು ಕಣ್ಣಿನದೂ ಆಗುತ್ತದೆ. ಆಮೇಲೆ ಮೆಲ್ಲಗೆ ಹಂಡೆ ಹಂಡೆಗೂ ನೀಲಿ ಕಡಿಮೆ ಮಾಡುತ್ತ ಬಂದರೆ ಯಾರಿಗೆ ತಿಳಿದೀತು? ಸೊಸೆ ಚಿಕ್ಕವಳು, ಇನ್ನೆಲ್ಲಾದರೂ ಕೆಲಸ ಸಿಗುತ್ತದೆ. ಹಾಳು ಮಾಡಿದವಳು ಎಂಬ ಚೀಟಿ ಹಿಡಿದು ಹೋದವಳಿಗೆ ಯಾರು ಕೊಡುತ್ತಾರೆ? ಆ ಪ್ರಶ್ನೆಯನ್ನು ಕಾಲು ಕೇಳಲಿಲ್ಲ.

ಮ್ಯಾನೇಜರ್ ಕೋಣೆಯಲ್ಲಿ ಪರದೆ ಎಳೆದಿತ್ತು. ಮೇಜಿನ ಮೇಲೆ ಹಳದಿ ಬಲ್ಬಿನ ದೀಪ, ದೀಪದಡಿ ಟೈಪು ಮಾಡಿದ ತಪ್ಪೊಪ್ಪಿಗೆಯ ಒಂದು ಹಾಳೆ, ಅದರ ಮೇಲೊಂದು ಪೆನ್ನು. ಸೊಸೆ ಎದುರು ನಿಂತಿದ್ದಳು, ಮಡಚಿದ ಏಪ್ರನ್ ಎದೆಗೆ ಒತ್ತಿಕೊಂಡು.

"ನೀವ್ಯಾಕೆ ಬಂದ್ರಿ ಕಣ್ಣಮ್ಮೋರೆ?" ಮ್ಯಾನೇಜರ್ ಅರ್ಧ ಎದ್ದರು. "ಮನೆಯವರ ವಿಷಯ, ನಿಮಗೆ ಮುಜುಗರ ಆಗ್ಬಾರ್ದು ಅಂತಾನೇ ಕರೀಲಿಲ್ಲ. ನಿಮ್ಮ ಮೇಲೆ ಒಂದು ಮಾತೂ ಇಲ್ಲ."

ಕಣ್ಣಮ್ಮ ಹತ್ತೂ ಬೆರಳನ್ನು ಆ ಹಾಳೆಯ ಮೇಲೆ ಊರಿದಳು.

ಮ್ಯಾನೇಜರ್ ಬಾಗಿ ನೋಡಿದರು. ಹಳದಿ ಬೆಳಕು ಉಗುರುಗಳ ಮೇಲೆ ಜೇನಿನಂತೆ ಹರಡಿತ್ತು. "ದಾಳಿಂಬೆ ಅಲ್ವಾ? ಹೊಳಪು ಮಿನುಗು ಬೇರೆ ಇದ್ರೂ ಹತ್ತರ ಬಣ್ಣಾನೂ ಒಂದೇ ಇದೆಯಲ್ಲ." ಅವರ ಮುಖ ಅರಳಿತು. "ಹಂಗಾದ್ರೆ ಈ ವರ್ಷದ ತಾಯಿ ಸೀಸೇಲಿ ತಪ್ಪೇನೂ ಇಲ್ಲ ಅಂತ ತಾನೇ ತೋರಿಸೋಕೆ ಬಂದಿದ್ದು?"

ಹೂಂ ಅಂದರೆ ಮುಗಿದುಹೋಗುತ್ತಿತ್ತು. ಇಪ್ಪತ್ತಾರು ವರ್ಷ ಅದೊಂದೇ ಅಕ್ಷರದಲ್ಲಿ ಅವಳು ಬದುಕಿದ್ದಳು. ತುಟಿ ಆಗಲೇ ಮುಚ್ಚಿಕೊಂಡಿತ್ತು. ಗಂಟಲಿನಿಂದ ಸದ್ದು ಬರಬೇಕಿತ್ತು, ಅಷ್ಟೇ.

ಸೊಸೆ ಆ ಕೈಗಳನ್ನೇ ನೋಡುತ್ತಿದ್ದಳು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಹಳದಿ ಬೆಳಕಿನಲ್ಲೂ ಅವಳ ಕಣ್ಣು ಎಲ್ಲಿ ತಡೆಯಿತು ಎಂಬುದು ಕಣ್ಣಮ್ಮನಿಗೆ ಕಂಡಿತು.

"ಬೇಡ ಅತ್ತೆ," ಎಂದಳು ಸೊಸೆ, ಉಸಿರಿನಲ್ಲಿ. ಆಮೇಲೆ ಗಟ್ಟಿಯಾಗಿ, "ನಾನು ಸೈನ್ ಮಾಡ್ತೀನಿ ಸರ್. ಪೆನ್ ಕೊಡಿ."

"ಮುಟ್ಟಬೇಡ ಅದನ್ನ!"

ಕೂಗಿದ ಸದ್ದಿಗೆ ಮೂವರೂ ಬೆಚ್ಚಿದರು, ಕೂಗಿದವಳೂ ಸೇರಿ. ಕಣ್ಣಮ್ಮ ಮೇಜು ಸುತ್ತಿ ಹೋಗಿ ಪರದೆಯನ್ನು ಒಂದೇ ಎಳೆತಕ್ಕೆ ಸರಿಸಿದಳು, ದೀಪದ ಗುಂಡಿ ಒತ್ತಿ ಆರಿಸಿದಳು, ಮತ್ತೆ ಬಂದು ಕೈಯನ್ನು ಅಲ್ಲೇ ಇಟ್ಟಳು. ಹಗಲು ಒಳಗೆ ಬಂತು. ಎರಡು ಕೈ, ಎರಡು ಬಣ್ಣ, ಬೇರೆ ಬೇರೆ ಹೆಂಗಸರ ಕೈಗಳಂತೆ.

"ಎಡಗೈದು ಏಳು ವರ್ಷದ ಹಿಂದಿನ ತಾಯಿ. ಚೆಲ್ಲದೆ ಇಟ್ಕೊಂಡಿದ್ದೆ, ಅದೂ ತಪ್ಪೇ. ಬಲಗೈದು ಈ ವರ್ಷದ್ದು, ನಾನು ಮಾಡಿದ್ದು. ನೀಲಿ ಹಾಕು ಹಾಕು ಅಂದವಳು ನಾನು. ಇವಳಾಗಿ ಒಂದು ಹನೀನೂ ಹಾಕಿಲ್ಲ ಸರ್."

"ಎಷ್ಟು ದಿನದಿಂದ?"

"ಪೊರೆ ಬಂದಾಗಿಂದ. ಮೂರು ವರ್ಷ ಇರಬಹುದು. ಪೊರೆ ಬಂದಿದೆ ಅಂತ ಗೊತ್ತಾಗಿದ್ದೇ ಈ ವರ್ಷ."

ಮ್ಯಾನೇಜರ್ ಹಾಳೆಯನ್ನು ಅವಳ ಬೆರಳಡಿಯಿಂದ ಮೆಲ್ಲಗೆ ಎಳೆದುಕೊಂಡು ಬೋರಲು ಮಾಡಿದರು. ಕೇಳಿದರು, "ದಾಳಿಂಬೆ ಒಂದೇನಾ?"

ಆ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. "ಗೊತ್ತಿಲ್ಲ ಸರ್. ಮೂವತ್ತೆರಡು ಬಣ್ಣಾನೂ ನೋಡಬೇಕು."

"ಯಾರು ನೋಡ್ತಾರೆ?"

ಕೆಳಗೆ ಹಂಡೆಗಳು ತಿರುಗುವ ಸದ್ದು ನೆಲದಿಂದ ಅಂಗಾಲಿಗೆ ಏರುತ್ತಿತ್ತು. ಕಣ್ಣಮ್ಮ ಸೊಸೆಯ ಕೈಯಲ್ಲಿದ್ದ ಏಪ್ರನ್ನನ್ನು ತೆಗೆದುಕೊಂಡು, ಕೊಡವಿ, ಅವಳ ಕೊರಳಿಗೆ ತೊಡಿಸಿದಳು.

ಮೇಲಿನ ಕೋಣೆಯಲ್ಲಿ ಸೊಸೆ ಕಿಟಕಿಯ ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲ. "ಕೂತ್ಕೋ ಅಂದ್ನಲ್ಲ. ಕುರ್ಚಿ ಏನು ಕಚ್ಚುತ್ತಾ?" ಎಂದು ಗದರಿಸಿ, ಭುಜ ಒತ್ತಿ ಕೂರಿಸಬೇಕಾಯಿತು. ಕಣ್ಣಮ್ಮ ಗೋಡೆಯ ಪಕ್ಕದ ಸ್ಟೂಲನ್ನು ಎಳೆದುಕೊಂಡಳು. ಮೂವತ್ತೆರಡು ಸೀಸೆಗಳು ಮರದ ಹಲಗೆಯ ಗುಳಿಗಳಲ್ಲಿ ಸಾಲಾಗಿ ಕೂತು ಇಬ್ಬರನ್ನೂ ನೋಡುತ್ತಿದ್ದವು.

"ನೀಲಿ ಜಾಸ್ತಿ ಆಯ್ತು ಅಂತ ನಿಂಗೆ ಗೊತ್ತಿತ್ತಾ?"

ಸೊಸೆ ಹತ್ತಿ ಹರಿದು ಉಂಡೆ ಮಾಡುತ್ತಿದ್ದಳು. "ಇನ್ನೂನಾ ಅಂತ ಕೇಳ್ತಿದ್ನಲ್ಲ ಅತ್ತೆ."

"ಕೇಳ್ತಿದ್ದೆ," ಎಂದಳು ಕಣ್ಣಮ್ಮ. "ಹೌದು, ಕೇಳ್ತಿದ್ದೆ."

ಸೊಸೆ ಮೊದಲನೆಯ ಗುಳಿಯ ಸೀಸೆ ತೆಗೆದು ಅಂಗೈಗಳ ನಡುವೆ ಉರುಳಿಸಿದಳು. ಬಣ್ಣ ಕದಡಲು ಒಳಗಿಟ್ಟ ಉಕ್ಕಿನ ಗುಂಡು ಟಿಕ್ ಟಿಕ್ ಎಂದಿತು. ತನ್ನ ಹೆಬ್ಬೆರಳಿಗೆ ಒಂದು ಎಳೆ ಎಳೆದು, ಅದನ್ನು ಕಿಟಕಿಗೆ ಹಿಡಿದು, ಅಭ್ಯಾಸದಂತೆ ಹಿಂತಿರುಗಿ ಕೇಳಿದಳು, "ಸರೀನಾ ಅತ್ತೆ?"

ಉತ್ತರ ಕಣ್ಣಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಅವಳು ಕೈ ಚಾಚಿ, ರಿಮೂವರ್‌ನಲ್ಲಿ ಅದ್ದಿದ ಹತ್ತಿಯ ಉಂಡೆ ತೆಗೆದುಕೊಂಡು ತನ್ನ ಬಲಗೈಯ ಕಿರುಬೆರಳನ್ನು ಒರೆಸತೊಡಗಿದಳು.

"ಒಣಗಲಿ," ಎಂದಳು.

ಸೊಸೆ ಉಗುರಿನ ಮೇಲೆ ಮೆಲ್ಲಗೆ ಉಸಿರೂದಿದಳು. ಕಿಟಕಿಯ ಬೆಳಕಲ್ಲಿ ಹಸಿ ಬಣ್ಣ ಇನ್ನೂ ನೀರಿನಂತೆ ಅಲುಗುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತರು.