ಲ್ಯಾಬ್ ಹುಡುಗಿಯ ಪ್ಯಾಂಟುಗಳು

ಜನರ ಬಾಯಿಗಿಂತ ಅವರ ಬಟ್ಟೆಯನ್ನು ನಂಬುವವಳು ನಾನು. ಇಷ್ಟು ವರ್ಷ ಹಳೆ ಬಟ್ಟೆ ರಿಪೇರಿ ಮಾಡಿದವಳಿಗೆ ಅಷ್ಟೂ ಬುದ್ಧಿ ಬರದಿದ್ದರೆ ಹೇಗೆ? ಸೊಂಟ ಸಡಿಲ ಮಾಡಿಸಲು ಬಂದವರು ಸುಖವಾಗಿದ್ದಾರೆ. ಸವೆದ ಕಾಲರನ್ನು ಬಿಚ್ಚಿ ಮಗುಚಿ ಹೊಲಿಸಿಕೊಳ್ಳುವವರು ಎಷ್ಟೇ ಜೋರಾಗಿ ನಗಲಿ, ಕೈಯಲ್ಲಿ ಕಾಸಿಲ್ಲ. ಬಟ್ಟೆ ಮುಟ್ಟಿದರೆ ಸಾಕು, ಮನೆಯ ಪರಿಸ್ಥಿತಿ ಹೇಳಿಬಿಡುತ್ತೇನೆ ಎಂಬ ಜಂಬ ನನಗಿತ್ತು.

ಮಗಳಿಗೆ ಕೆಮಿಸ್ಟ್ರಿ ಡಿಗ್ರಿಗೆ ಸೀಟು ಸಿಕ್ಕಿತು. ಫೀಸಿಗೆ ಬ್ಯಾಂಕ್ ಸಾಲ, ಸಾಲಕ್ಕೆ ಜಾಮೀನು ಈ ಅಂಗಡಿ. ಅಂಗಡಿಯೆಂದರೆ ಮುಂದೆ ಹೊಲಿಗೆ ಮೆಷಿನ್ನು, ಪರದೆಯ ಹಿಂದೆ ನಮ್ಮಿಬ್ಬರ ಮಂಚ, ಒಲೆ, ಒಂದು ಕಪಾಟು. ಅವಳ ಅಪ್ಪ ಹೋದ ಮೇಲೆ ನಮಗೆ ಉಳಿದದ್ದು ಇದೊಂದೇ. ಅವಳಿಗೆ ಕಂತು ಕಟ್ಟಲಾಗದಿದ್ದರೆ ಬ್ಯಾಂಕಿನವರು ಪರದೆ ಸರಿಸಿಕೊಂಡು ಒಳಗೆ ಬರುತ್ತಾರೆ. ಹಗಲು ಹೊತ್ತಿನಲ್ಲೇ ನನಗೆ ಅದು ಕಣ್ಣಿಗೆ ಕಟ್ಟಿದಂತೆ ಕಾಣಿಸತೊಡಗಿತು.

ಮಗಳು ಕೂತು ಲೆಕ್ಕ ಹಾಕಿ ತೋರಿಸಿದಳು.

"ನೋಡಮ್ಮ, ಶುರುವಿನಲ್ಲಿ ಸಂಬಳ ಕಡಿಮೇನೇ. ಮೂರರಲ್ಲಿ ಒಂದು ಪಾಲು ಕಂತಿಗೇ ಹೋಗುತ್ತೆ. ಆಮೇಲಾಮೇಲೆ ಸಂಬಳ ಏರುತ್ತೆ, ಕಂತು ಮಾತ್ರ ಅಷ್ಟೇ ಇರುತ್ತೆ."

"ಏರದೇ ಇದ್ರೆ?"

"ಏರುತ್ತಮ್ಮ."

"ಕೆಲಸಾನೇ ಸಿಗದಿದ್ರೆ?"

"ನಾಳೆ ನಿನಗೆ ಗಿರಾಕಿ ಬರದಿದ್ರೆ ಏನ್ಮಾಡ್ತೀಯ? ಹಾಗೇ ಇದೂನೂ."

ತಲೆಹರಟೆ ಮಾಡಬೇಡ ಎಂದು ಗದರಿದೆ. ಉತ್ತರ ಗೊತ್ತಿಲ್ಲದಾಗ ನಾನು ಗದರುವುದೇ.

ಭಾವನವರು ಬಂದು ಉರಿಯುವ ಬೆಂಕಿಗೆ ತುಪ್ಪ ಸುರಿದರು. "ಕೆಮಿಸ್ಟ್ರಿ ಓದಿದವರು ಕೊನೆಗೆ ಬಾಟಲಿ ತೊಳೀತಾರೆ ಕಣಮ್ಮ. ಅದಕ್ಯಾಕೆ ಸಾಲ? ನಮ್ಮನೇಲೇ ಬೇಕಾದಷ್ಟು ಬಾಟಲಿ ಇವೆ." ಅವು ಹೇಗೆ ಖಾಲಿಯಾದವು ಎಂದು ಕೇಳುವ ಮನಸ್ಸಾಯಿತು. ಗಂಡನ ಅಣ್ಣ ಎಂದು ನಾಲಿಗೆ ಕಚ್ಚಿಕೊಂಡೆ. ಅವರ ಮಾತು ಮಾತ್ರ ಹೊಟ್ಟೆಯೊಳಗೆ ಹೋಗಿ ಕೂತುಬಿಟ್ಟಿತು.

ನಾನು ಜಾಮೀನಿಗೆ ಸಹಿ ಹಾಕಲು ಶುಕ್ರವಾರ ಕೊನೆಯ ದಿನ. ಆ ವಾರದ ಮೊದಲಲ್ಲೇ ಲ್ಯಾಬ್ ಹುಡುಗಿ ಒಂದು ಗಂಟು ಬಟ್ಟೆ ತಂದಳು. ಕುಡಿಯುವ ನೀರು ಪರೀಕ್ಷೆ ಮಾಡುವ ಕಡೆ ಅವಳ ಕೆಲಸ. ಓದಿದ್ದು ಅದೇ ಡಿಗ್ರಿ, ಓದಿದ್ದೂ ಸಾಲ ಮಾಡಿಯೇ. ದೇವರೇ ಕಳಿಸಿದ ಹಾಗಾಯಿತು ಎಂದುಕೊಂಡು, "ಸಂಬಳ ಎಲ್ಲ ಹೇಗಮ್ಮ?" ಎಂದು ಕೇಳಿದೆ.

"ಪರವಾಗಿಲ್ಲ ಆಂಟಿ, ನಡೀತಿದೆ," ಎಂದು ಬಸ್ಸಿಗೆ ಓಡಿದಳು.

ಪರವಾಗಿಲ್ಲವೋ ಇದೆಯೋ, ಗಂಟು ಬಿಚ್ಚಿ ನೋಡಿದೆ. ಎಲ್ಲ ಪ್ಯಾಂಟುಗಳೇ. ತೊಡೆಯ ಮೇಲೆಲ್ಲ ಸಾಸಿವೆ ಗಾತ್ರದ ತೂತುಗಳು. ಅಂಚು ಸವೆದು ನೂಲು ಜೋತಾಡುತ್ತಿತ್ತು. ಒಂದಕ್ಕಂತೂ ತೇಪೆಯ ಮೇಲೆ ತೇಪೆ, ಅದೂ ಯಾರೋ ಕೈಯಲ್ಲೇ ಒರಟಾಗಿ ಹೊಲಿದದ್ದು. ಮಗಳನ್ನು ಕರೆದು ಪ್ಯಾಂಟನ್ನು ದೀಪದ ಕೆಳಗೆ ಹರಡಿದೆ.

"ಬೆರಳಿಟ್ಟು ನೋಡು. ಡಿಗ್ರಿ ಮುಗಿಸಿ, ಕೆಲಸಕ್ಕೆ ಸೇರಿ, ಸಾಲ ತೀರಿಸ್ತಾ ಇರೋಳ ಬಟ್ಟೆ ಇದು. ಹೊಸ ಪ್ಯಾಂಟಿಗೆ ಗತಿ ಇಲ್ಲ. ನಿನ್ನ ಲೆಕ್ಕದಲ್ಲಿ ಇದನ್ನ ಎಲ್ಲಿ ಬರ್ಕೊಂಡಿದೀಯ?"

ಅವಳು ಒಂದೊಂದು ತೂತನ್ನೂ ಮುಟ್ಟಿ ನೋಡಿದಳು. ವಾದದಲ್ಲಿ ಗೆದ್ದೆ ಅನಿಸಿತು. ಅಂದಿನಿಂದ ಅವಳು ಸಂಬಳ, ಕಂತು ಎಂಬ ಮಾತೇ ಎತ್ತಲಿಲ್ಲ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಮಗಳು ಎಲ್ಲಿಗೋ ಹೊರಗೆ ಹೋಗಿದ್ದಳು. ಲ್ಯಾಬ್ ಹುಡುಗಿ ಬಟ್ಟೆ ಒಯ್ಯಲು ಬಂದಳು. ರಜೆ ಹಾಕಿದ್ದಳಂತೆ. ಮೈಮೇಲೆ ಒಳ್ಳೆಯ ಕೋಟು. ಭುಜದ ಕಟಿಂಗ್ ಅಚ್ಚುಕಟ್ಟು, ಒಳಗೆ ನುಣ್ಣನೆಯ ಅಸ್ತರು, ಗುಂಡಿಯ ಕಾಜಗಳು ಒಂದೂ ಸೊಟ್ಟಗಿಲ್ಲ. ಎರವಲು ತಂದ ಕೋಟು ತೋಳಿನಲ್ಲಿ ಸಿಕ್ಕಿಬೀಳುತ್ತದೆ. ಇದು ಅವಳಿಗೇ ಅಳತೆ ಕೊಟ್ಟು ಹೊಲಿಸಿದ್ದು.

"ಯಾರದಮ್ಮ ಈ ಕೋಟು?" ಬಾಯಿ ತಪ್ಪಿ ಕೇಳಿಬಿಟ್ಟೆ.

"ನಂದೇ ಆಂಟಿ. ಯಾಕೆ?"

"ಮತ್ತೆ ಈ ಪ್ಯಾಂಟುಗಳು?"

ಅವಳು ನಕ್ಕಳು. "ಅವು ಲ್ಯಾಬಿಗೆ ಹಾಕೋವು. ಒಂದು ಹನಿ ಆಸಿಡ್ ಬಿದ್ರೂ ಒಗೆದಾಗ ತೂತಾಗುತ್ತೆ. ಒಳ್ಳೇ ಬಟ್ಟೆ ಹಾಕ್ಕೊಂಡು ಯಾರು ಹೋಗ್ತಾರೆ? ನಮ್ಮ ಮೇಲಿನ ಆಫೀಸರ್ ಪ್ಯಾಂಟು ನೋಡ್ಬೇಕು ನೀವು, ಥೇಟ್ ಜರಡಿ."

ಬಟ್ಟೆ ನನಗೆ ಸುಳ್ಳು ಹೇಳಿದ್ದು ಅದೇ ಮೊದಲು.

"ಹಾಗಾದ್ರೆ ಸಾಲ?"

"ಸಾಲ ಇದೆ. ಮೊದಮೊದಲು ಕಂತಿನ ದಿನ ಬಂದ್ರೆ ಹೊಟ್ಟೆನೋವೇ ಬರ್ತಿತ್ತು. ಈಗ್ಲೂ ಸ್ವಲ್ಪ ಹೆದರಿಕೆ ಇದ್ದೇ ಇದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಉಳಿದಿದ್ರಲ್ಲಿ ಬದುಕಬಹುದು ಆಂಟಿ. ನಿಮ್ಮ ಮಗಳೂ ಅದೇ ಓದ್ತಾಳಂತಲ್ಲ, ಒಂದ್ಸಲ ನನ್ನ ಹತ್ರ ಕಳ್ಸಿ."

ಅವಳು ಅತ್ತ ಹೋದದ್ದೇ ತಡ, ಕಪಾಟಿನಿಂದ ಅಂಗಡಿಯ ಪತ್ರ ತೆಗೆದೆ, ಸೀರೆ ಬದಲಾಯಿಸಿದೆ. ಭಯ ಹೋಗಿರಲಿಲ್ಲ. ಬ್ಯಾಂಕಿನವರು ಪರದೆ ಸರಿಸುವುದು ಇನ್ನೂ ಕಾಣುತ್ತಿತ್ತು. ಆದರೆ ಭಯ ಇಟ್ಟುಕೊಂಡೂ ಸಹಿ ಹಾಕಬಹುದು ಎಂದು ಆ ಹುಡುಗಿಯನ್ನು ನೋಡಿ ಧೈರ್ಯ ಬಂದಿತ್ತು. ಮಗಳು ಬಾಗಿಲಿಗೆ ಬರುತ್ತಿದ್ದಂತೆ, "ಚಪ್ಪಲಿ ಬಿಡಬೇಡ, ನಡಿ ಬ್ಯಾಂಕಿಗೆ, ಸಹಿ ಹಾಕ್ತೀನಿ," ಎಂದೆ.

ಅವಳು ಚಪ್ಪಲಿ ಬಿಟ್ಟಳು.

"ಬೇಡಮ್ಮ. ಕಾಲೇಜಿಗೆ ಹೋಗಿ ಸೀಟು ಬಿಟ್ಟುಕೊಟ್ಟು ಬಂದೆ."

ಆಸಿಡ್ಡಿನ ಕತೆ, ಕೋಟಿನ ಕತೆ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಕಾಲೇಜಿಗೆ ಫೋನ್ ಮಾಡಿದೆ. "ಬಿಟ್ಟ ಸೀಟು ಆಗಲೇ ಮುಂದಿನವರಿಗೆ ಹೋಯ್ತಮ್ಮ, ಬರೋ ವರ್ಷ ನೋಡಿ," ಎಂದು ಗುಮಾಸ್ತ ಫೋನ್ ಇಟ್ಟುಬಿಟ್ಟ.

"ಹೋಗ್ಲಿ, ಬರೋ ವರ್ಷ ಸೇರ್ಕೊ. ಈಗಲೇ ಮಾತು ಕೊಡ್ತೀನಿ, ಸಹಿ ನಂದು," ಎಂದೆ.

"ಬರೋ ವರ್ಷಾನೂ ಭಯ ಆಗುತ್ತಮ್ಮ."

"ಅವು ಆಸಿಡ್ ತೂತುಗಳು ಅಂತ ಹೇಳಿದ್ನಲ್ಲೇ."

"ಗೊತ್ತಾಯ್ತು. ಆದ್ರೂ ಆಗುತ್ತೆ. ಏನು ಲೆಕ್ಕ ಹಾಕಿದ್ರೂ, ಏರದೇ ಇದ್ರೆ, ಸಿಗದೇ ಇದ್ರೆ ಅಂತಾನೇ ಬರುತ್ತೆ. ಈ ಅಂಗಡಿ ಹೋದ್ರೆ ನಾವೆಲ್ಲಿಗೆ ಹೋಗೋದು?"

ನನ್ನ ಪಕ್ಕ ಬಂದು ಕೂತು, ನಾನು ಅಳುತ್ತಿದ್ದೇನೆಂದು ನೋಡಿ ಬೆನ್ನು ಸವರಿದಳು. "ಬಿಡಮ್ಮ, ಸಾಲ ಇಲ್ಲ, ಏನಿಲ್ಲ. ಇನ್ನು ನೀನು ಹೆದರೋದು ಬೇಡ," ಎಂದಳು. ಹದಿನೆಂಟರ ಹುಡುಗಿ ಥೇಟ್ ನನ್ನ ದನಿಯಲ್ಲೇ ಮಾತಾಡುತ್ತಿದ್ದಳು. ಮುಖ ತಿರುಗಿಸಿ ಅವಳನ್ನು ನೋಡಲು ನನಗೆ ಹೆದರಿಕೆಯಾಯಿತು.